ಮನೆಯಲ್ಲೇ ವಿಕಿರಣ ಡಿಟೆಕ್ಟರ್: ಟ್ಯೂಬೋ, ಡಯೋಡೋ, ಮಂಜಿನ ಪೆಟ್ಟಿಗೆಯೋ?

ವಿಕಿರಣ ಪತ್ತೆ ಮಾಡುವ ಡಿಟೆಕ್ಟರ್ ಮನೆಯಲ್ಲೇ ಕಟ್ಟಬೇಕು, ಯಾವುದನ್ನು ಕಟ್ಟಲಿ? ದಾವಣಗೆರೆ, ಚಿತ್ರದುರ್ಗದ ಕಡೆ ಈ ಪ್ರಶ್ನೆ ಕೇಳುವವರಲ್ಲಿ ನಾಲ್ಕು ಬಗೆ. ಇಂಜಿನಿಯರಿಂಗ್ ಕೊನೇ ವರ್ಷದ ಪ್ರಾಜೆಕ್ಟ್ ಹುಡುಕುತ್ತಿರುವ ಹುಡುಗ ಹುಡುಗಿಯರು. ವಿಜ್ಞಾನ ಮೇಳಕ್ಕೆ ಏನಾದರೂ ಹೊಸದು ಬೇಕು ಅನ್ನುವ ಹೈಸ್ಕೂಲ್ ಮೇಷ್ಟ್ರು. ಅಡುಗೆಮನೆಗೆ ಗ್ರಾನೈಟ್ ಹಾಕಿಸಿದ ಮೇಲೆ ವಾಟ್ಸಾಪ್ ಸಂದೇಶ ನೋಡಿ ಹೆದರಿದವರು. ಮತ್ತೆ ಚಳ್ಳಕೆರೆ ಕಡೆಯವರು. ಉಳ್ಳಾರ್ತಿ ಕಾವಲಿನಲ್ಲಿ ಬಿಎಆರ್‌ಸಿಗೆ (ಭಾಭಾ ಪರಮಾಣು ಸಂಶೋಧನಾ ಕೇಂದ್ರ) ಜಾಗ ಕೊಟ್ಟಾಗಿನಿಂದ "ನಮ್ಮೂರಲ್ಲಿ ಎಷ್ಟಿದೆ ಅಂತ ನಾವೇ ನೋಡ್ಕೊಳ್ಳೋಣ" ಅನ್ನುವವರು ಅಲ್ಲಿ ಇದ್ದಾರೆ.

ಈ ನಾಲ್ವರಿಗೂ ಒಂದೇ ಉತ್ತರ ಕೊಟ್ಟರೆ ಮೂವರ ದುಡ್ಡು ದಂಡ. ಆದ್ದರಿಂದ ಸಾಧನದ ಮಾತು ಆಮೇಲೆ. ಯಾವುದನ್ನು ನೋಡಿ ಆರಿಸಬೇಕು ಅನ್ನುವುದು ಮೊದಲು.

ಆರಿಸುವ ಮುಂಚೆ

ನಿಮಗೆ ಬೇಕಾದ ಉತ್ತರ ಯಾವುದು? "ಇಲ್ಲಿಗಿಂತ ಅಲ್ಲಿ ಜಾಸ್ತಿ ಇದೆಯಾ" ಅನ್ನುವುದು ಒಂದು ಪ್ರಶ್ನೆ. "ಇದು ಯಾವ ಧಾತುವಿನಿಂದ ಬರ್ತಿದೆ" ಅನ್ನುವುದು ಬೇರೆಯೇ ಪ್ರಶ್ನೆ. "ಮಕ್ಕಳಿಗೆ ಕಣ್ಣಾರೆ ತೋರಿಸಬೇಕು" ಅನ್ನುವುದು ಮತ್ತೊಂದು. ಮೂರಕ್ಕೂ ಒಗ್ಗುವ ಒಂದೇ ಸಾಧನ ಮನೆಯಲ್ಲಿ ಕಟ್ಟುವ ಖರ್ಚಿಗೆ ಸಿಗುವುದಿಲ್ಲ.

ಎರಡನೆಯದು, ಯಾವ ಕಿರಣ. ಆಲ್ಫಾ ಕಣ ಗಾಳಿಯಲ್ಲಿ ಕೆಲವೇ ಸೆಂಟಿಮೀಟರ್ ಹೋಗುತ್ತದೆ. ಒಂದು ಹಾಳೆ ಅಡ್ಡ ಹಿಡಿದರೆ ಅಲ್ಲೇ ನಿಲ್ಲುತ್ತದೆ. ಬೀಟಾ ತಡೆಯಲು ಕೆಲವು ಮಿಲಿಮೀಟರ್ ಅಲ್ಯೂಮಿನಿಯಂ ಸಾಕು. ಗಾಮಾ ಗೋಡೆ ದಾಟಿಯೂ ಬರುತ್ತದೆ. ಅಂದರೆ ನಿಮ್ಮ ಡಿಟೆಕ್ಟರಿನ ಹೊರಗೋಡೆ ದಪ್ಪವಾಗಿದ್ದರೆ ಆಲ್ಫಾ ಒಳಗೇ ಬರುವುದಿಲ್ಲ. ಒಳಗಿನ ಸರ್ಕ್ಯೂಟ್ ಎಷ್ಟೇ ಚೆನ್ನಾಗಿದ್ದರೂ ಅಷ್ಟೇ.

ಮೂರನೆಯದನ್ನು ತುಂಬಾ ಜನ ಮರೆಯುತ್ತಾರೆ: ನಿಮಿಷಕ್ಕೆ ಎಷ್ಟು ಎಣಿಕೆ ಸಿಗುತ್ತದೆ, ಅಂದರೆ ಸಾಧನ ಎಷ್ಟು ಕಿರಣ ಹಿಡಿದು ಎಣಿಸುತ್ತದೆ ಅನ್ನುವುದು. ವಿಕಿರಣ ಒಂದೇ ಲಯದಲ್ಲಿ ಬರುವುದಿಲ್ಲ. ತಗಡಿನ ಚಾವಣಿ ಮೇಲೆ ಬೀಳುವ ಮೊದಲ ಮಳೆಹನಿಗಳ ಹಾಗೆ, ಒಂದು ಬಂದು ತುಂಬಾ ಹೊತ್ತು ಸುಮ್ಮನಿದ್ದು ಆಮೇಲೆ ಮೂರು ಒಟ್ಟಿಗೆ ಬರುತ್ತದೆ. ಎಣಿಕೆ ಎಷ್ಟಾಯಿತೋ ಅದರ ವರ್ಗಮೂಲದಷ್ಟು ಏರುಪೇರು ಸಹಜ. 25 ಎಣಿಸಿದರೆ 5 ಹೆಚ್ಚು ಕಡಿಮೆ, ಅಂದರೆ ಶೇ. 20. 400 ಎಣಿಸಿದರೆ 20, ಅಂದರೆ ಶೇ. 5. ಹತ್ತು ಸಾವಿರ ಎಣಿಸಿದರೆ ಶೇ. 1. ನಿಮಿಷಕ್ಕೆ 20 ಎಣಿಸುವ ಸಾಧನ 400 ಮುಟ್ಟಲು 20 ನಿಮಿಷ ಬೇಕು. ನಿಮಿಷಕ್ಕೆ ಒಂದೇ ಎಣಿಸುವ ಸಾಧನಕ್ಕೆ ಆರೂವರೆ ಗಂಟೆಗಿಂತ ಜಾಸ್ತಿ. ಅಗ್ಗದ ಸಾಧನ ಕೊಂಡರೆ ಉಳಿದ ಬೆಲೆಯನ್ನು ಹೊತ್ತಿನಲ್ಲಿ ಕಟ್ಟುತ್ತೀರಿ, ಅಷ್ಟೇ.

ಆಮೇಲೆ ಉಳಿದ ಮಾಮೂಲಿ ವಿಷಯಗಳು: ಖರ್ಚು, ಸೋಲ್ಡರಿಂಗ್ ಎಷ್ಟು ಬರುತ್ತದೆ, ಹೈವೋಲ್ಟೇಜ್ ಮುಟ್ಟುವ ಧೈರ್ಯ ಇದೆಯಾ, ಸಾಮಾನು ಎಲ್ಲಿ ಸಿಗುತ್ತದೆ. ದಾವಣಗೆರೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ರೆಸಿಸ್ಟರ್, ಕೆಪಾಸಿಟರ್, ಆರ್ಡುಯಿನೊಗೆ (ಪ್ರೋಗ್ರಾಂ ಹಾಕುವ ಪುಟ್ಟ ಬೋರ್ಡ್) ತೊಂದರೆ ಇಲ್ಲ. ಗೈಗರ್ ಟ್ಯೂಬ್, ವಿಕಿರಣ ಬಿದ್ದರೆ ಮಿನುಗುವ ಹರಳು ಬೇಕಾದರೆ ಆನ್‌ಲೈನೇ ಗತಿ. ನಡುವಿನ ಸಾಮಾನಿಗೆ ಬೆಂಗಳೂರಿನ ಎಸ್‌ಪಿ ರೋಡ್.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಕಟ್ಟಿದ ಯಾವ ಡಿಟೆಕ್ಟರ್ ನೋಡಿಯೂ "ಇಲ್ಲಿ ಅಪಾಯ ಇಲ್ಲ" ಅಂತ ತೀರ್ಮಾನ ಮಾಡಬೇಡಿ. 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಗೆ ಕೋಬಾಲ್ಟ್-60 ಇದ್ದ ಹಳೇ ಉಪಕರಣ ಬಂದು ಒಬ್ಬರ ಜೀವ ಹೋಯಿತು. ಅಂಥ ಕಡೆ ಗೈಗರ್ ಟ್ಯೂಬ್ ಉಸಿರುಕಟ್ಟಿದಂತಾಗಿ ಕಡಿಮೆ ತೋರಿಸಬಹುದು, ಪೂರ್ತಿ ಸುಮ್ಮನೂ ಆಗಬಹುದು. ಗುಜರಿಯಲ್ಲಿ ಮೂರು ರೆಕ್ಕೆಯ ವಿಕಿರಣ ಚಿಹ್ನೆ ಇರುವ ಭಾರದ ಡಬ್ಬಿ ಕಂಡರೆ ಮೀಟರ್ ತರಲು ಮನೆಗೆ ಓಡುವುದಲ್ಲ. ದೂರ ಸರಿದು 112ಕ್ಕೆ ಫೋನ್ ಮಾಡಿ.

ಗೈಗರ್ ಟ್ಯೂಬ್: ಹೆಚ್ಚಿನವರಿಗೆ ಇದೇ

ಹಾನ್ಸ್ ಗೈಗರ್ ಮತ್ತು ವಾಲ್ಟರ್ ಮ್ಯೂಲರ್ 1928ರಲ್ಲಿ ಕೊಟ್ಟ ರೂಪ ಇವತ್ತಿಗೂ ಹೆಚ್ಚು ಬದಲಾಗಿಲ್ಲ. ಮುಚ್ಚಿದ ಕೊಳವೆ, ಒಳಗೆ ಕಡಿಮೆ ಒತ್ತಡದ ಅನಿಲ, ನಡುವೆ ಒಂದು ತಂತಿ, ಸುಮಾರು 400 ವೋಲ್ಟ್. ಒಂದು ಕಣ ಒಳಗೆ ಬಂದು ಒಂದು ಎಲೆಕ್ಟ್ರಾನ್ ಬಿಡಿಸಿದರೆ ಸಾಕು, ಅದು ತಂತಿಯ ಕಡೆ ಓಡುತ್ತಾ ಇನ್ನಷ್ಟು ಎಲೆಕ್ಟ್ರಾನ್ ಬಿಡಿಸುತ್ತದೆ. ಆ ಹರಿವು ದೊಡ್ಡದಾಗಿ ಟಕ್ ಅನ್ನುತ್ತದೆ. ದೊಡ್ಡ ಸಂಕೇತ ಸಿಗುವುದರಿಂದ ಸೂಕ್ಷ್ಮವಾದ ಆಂಪ್ಲಿಫೈಯರ್ ಬೇಡ. ಟ್ಯೂಬಿನ ಗೆಲುವು ಇದೇ. ಸೋಲೂ ಇದೇ: ಸಣ್ಣ ಶಕ್ತಿಯ ಕಿರಣಕ್ಕೂ ದೊಡ್ಡದಕ್ಕೂ ಒಂದೇ ಟಕ್. ಯಾವ ಧಾತು ಅಂತ ಟ್ಯೂಬಿಗೆ ಗೊತ್ತಾಗುವುದಿಲ್ಲ.

ಟ್ಯೂಬ್‌ಗಳಲ್ಲಿ ಆಯ್ಕೆ ಹೀಗೆ. ಎಸ್‌ಬಿಎಂ-20 ಸೋವಿಯತ್ ಕಾಲದ್ದು, ಸ್ಟೀಲ್ ಗೋಡೆ, ಅಂಗೈ ಉದ್ದ, ಬೆರಳಿನಷ್ಟು ದಪ್ಪ. 350ರಿಂದ 475 ವೋಲ್ಟ್ ನಡುವೆ ಎಲ್ಲೇ ಇಟ್ಟರೂ ಹೆಚ್ಚು ಕಡಿಮೆ ಒಂದೇ ಎಣಿಕೆ ಕೊಡುತ್ತದೆ. ಬ್ಯಾಟರಿ ಸ್ವಲ್ಪ ಇಳಿದರೂ ಲೆಕ್ಕ ಕೆಡುವುದಿಲ್ಲ. ಗಾಮಾ ಮತ್ತು ಜಾಸ್ತಿ ಶಕ್ತಿಯ ಬೀಟಾ ಹಿಡಿಯುತ್ತದೆ, ಆಲ್ಫಾ ಇಲ್ಲ. ಸಾಮಾನ್ಯ ಜಾಗದಲ್ಲಿ ನಿಮಿಷಕ್ಕೆ ಇಪ್ಪತ್ತರ ಆಸುಪಾಸು ಎಣಿಕೆ. ಚೀನಾದ ಜೆ305 ಗಾಜಿನದು, ಅಗ್ಗದ ಕಿಟ್‌ಗಳ ಜೊತೆ ಬರುವುದು ಅದೇ. ಕೆಲಸ ಮಾಡುತ್ತದೆ, ಆದರೆ ಬಿಸಿಲು ಬಿದ್ದರೆ ಎಣಿಕೆ ಕೆಡಬಹುದು. ಕಪ್ಪು ಪೆಟ್ಟಿಗೆಯಲ್ಲಿ ಇಡಿ. ಎಲ್‌ಎನ್‌ಡಿ 712ಕ್ಕೆ ತುದಿಯಲ್ಲಿ ತೆಳು ಅಭ್ರಕದ ಕಿಟಕಿ ಇದೆ, ಆಲ್ಫಾವನ್ನೂ ಹಿಡಿಯುತ್ತದೆ. ಆದರೆ ದುಬಾರಿ. ಆ ಕಿಟಕಿಗೆ ಒಂದು ಬೆರಳು ತಾಗಿದರೆ ಮುಗೀತು. ಮೊದಲ ಸಲ ಕಟ್ಟುವವರಿಗೆ ಇದು ಬೇಡ.

ಒಂದು ಟ್ಯೂಬಿನಿಂದ ದೂರ ಇರಿ: ಎಸ್‌ಐ-3ಬಿಜಿ. ಚಿಕ್ಕದು, ಅಗ್ಗ, "ಗೈಗರ್ ಟ್ಯೂಬ್" ಅಂತ ಹುಡುಕಿದರೆ ಮೇಲೇ ಕಾಣುತ್ತದೆ. ಅದು ತೀರಾ ಜೋರಾದ ವಿಕಿರಣ ಅಳೆಯಲು ಮಾಡಿದ್ದು. ಮನೆಯಲ್ಲಿಟ್ಟರೆ ಎಷ್ಟು ಹೊತ್ತು ಕಾದರೂ ಟಕ್ ಅನ್ನುವುದು ಅಪರೂಪ. ಸರ್ಕ್ಯೂಟ್ ಹಾಳಾಗಿದೆ ಅಂದುಕೊಂಡು ರಾತ್ರಿ ಎಲ್ಲ ತಲೆ ಕೆಡಿಸಿಕೊಳ್ಳುತ್ತೀರಿ.

ಕಿಟ್ ಕೊಳ್ಳಬೇಕಾ, ಸರ್ಕ್ಯೂಟನ್ನೂ ನಾವೇ ಮಾಡಬೇಕಾ? ಜೆ305 ಸಮೇತ ಆರ್ಡುಯಿನೊಗೆ ಜೋಡಿಸುವ ಬೋರ್ಡ್ ಸುಮಾರು ₹3,000ದಿಂದ ₹5,000ದ ಒಳಗೆ ಬೀಳುತ್ತದೆ. ಬೆಲೆ ಏರುತ್ತಾ ಇಳಿಯುತ್ತಾ ಇರುತ್ತದೆ, ಹೊರದೇಶದಿಂದ ತರಿಸಿದರೆ ಕಸ್ಟಮ್ಸ್ ಬೇರೆ. ಬರೀ ಟ್ಯೂಬ್ ತರಿಸಿ 555 ಐಸಿ, ಒಂದು ಇಂಡಕ್ಟರ್, ಒಂದು ಮಾಸ್‌ಫೆಟ್ ಇಟ್ಟು ಹೈವೋಲ್ಟೇಜ್ ನೀವೇ ಮಾಡಿದರೆ ಉಳಿಯುವುದು ಕೆಲವು ನೂರು ರೂಪಾಯಿ ಮಾತ್ರ. ಯಾಕೆಂದರೆ ಖರ್ಚಿನ ದೊಡ್ಡ ಪಾಲು ಟ್ಯೂಬಿಗೇ ಹೋಗುತ್ತದೆ. ಕಲಿಯಲು ಮಾಡುವುದಾದರೆ ಖಂಡಿತ ಮಾಡಿ. ಉಳಿತಾಯಕ್ಕೆ ಮಾಡಬೇಡಿ.

ಸೊಳ್ಳೆ ಬ್ಯಾಟಿನ ಬೋರ್ಡ್ ಕಿತ್ತು ಹಾಕಬಹುದಲ್ವಾ ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಬೇಡ. ಅದರ ವೋಲ್ಟೇಜ್ ಸಾವಿರ ದಾಟುತ್ತದೆ. ಹಿಡಿತ ಇಲ್ಲದೆ ಕೊಟ್ಟರೆ ಟ್ಯೂಬಿನಲ್ಲಿ ಹರಿವು ನಿಲ್ಲದೆ ಟ್ಯೂಬೇ ಸಾಯುತ್ತದೆ. ಅದರ ಕೆಪಾಸಿಟರ್ ಕೈಗೆ ಕೊಡುವ ಹೊಡೆತವೂ ಕಮ್ಮಿಯೇನಲ್ಲ.

400 ವೋಲ್ಟ್ ಬಂದಿದೆಯಾ ಅಂತ ನೋಡುವುದರಲ್ಲೂ ಒಂದು ಸಿಕ್ಕು ಇದೆ. ಡಿಜಿಟಲ್ ಮಲ್ಟಿಮೀಟರಿನ ಒಳರೋಧ ಸಾಮಾನ್ಯವಾಗಿ 10 ಮೆಗಾಓಮ್. ಇಷ್ಟು ಸಣ್ಣ ಹೈವೋಲ್ಟೇಜ್ ಸರ್ಕ್ಯೂಟಿಗೆ ಆ ಮೀಟರೇ ದೊಡ್ಡ ಹೊರೆ. ನೇರ ಇಟ್ಟರೆ ವೋಲ್ಟೇಜ್ ಕುಸಿದು 250, 200 ಅಂತ ತೋರಿಸುತ್ತದೆ. ನೀವು ಹೆದರಿ ಹೆಚ್ಚಿಸುತ್ತೀರಿ, ಮೀಟರ್ ತೆಗೆದ ಕೂಡಲೇ ಟ್ಯೂಬಿಗೆ 600 ಬೀಳುತ್ತದೆ. ಹತ್ತು 100 ಮೆಗಾಓಮ್ ರೆಸಿಸ್ಟರ್ ಸಾಲಾಗಿ ಜೋಡಿಸಿ ಮೀಟರಿನ ಮುಂದೆ ಹಾಕಿ. ಮೀಟರ್ 10 ಮೆಗಾಓಮಿನದಾದರೆ ಕಾಣುವ ಅಂಕಿಯನ್ನು 101ರಿಂದ ಗುಣಿಸಿ. ಮೀಟರ್ 4 ವೋಲ್ಟ್ ಹತ್ತಿರ ತೋರಿಸಿದರೆ ಟ್ಯೂಬಿಗೆ 400 ಸಿಗುತ್ತಿದೆ ಅಂತ ಅರ್ಥ. ಟ್ಯೂಬಿನ ಧನ ತುದಿಗೆ ಸುಮಾರು 5 ಮೆಗಾಓಮ್ ರೆಸಿಸ್ಟರ್ ಆದಷ್ಟು ಹತ್ತಿರ ಇರಲಿ. ಆರಿಸಿದ ಮೇಲೂ ಕೆಪಾಸಿಟರ್ ಖಾಲಿಯಾಗುವ ತನಕ ಕೈ ಹಾಕಬೇಡಿ.

ಆಮೇಲೆ ಮೈಕ್ರೊಸೀವರ್ಟ್ (ದೇಹಕ್ಕೆ ತಗಲುವ ವಿಕಿರಣದ ಅಳತೆ) ಮೋಹ. ಎಸ್‌ಬಿಎಂ-20ಕ್ಕೆ ನಿಮಿಷಕ್ಕೆ 175 ಎಣಿಕೆ ಅಂದರೆ ಗಂಟೆಗೆ 1 ಮೈಕ್ರೊಸೀವರ್ಟ್ ಅಂತ ಎಲ್ಲ ಕಡೆ ಬರೆದಿರುತ್ತದೆ. ಇಂಥ ಲೆಕ್ಕ ಸೀಸಿಯಂನಂಥ ಗಾಮಾ ಆಕರ ಇಟ್ಟು ಹೊಂದಿಸಿದ್ದು. ಬೀಟಾ ಕೊಡುವ ವಸ್ತುವಿನ ಪಕ್ಕ ಟ್ಯೂಬ್ ಇಟ್ಟು ಅದೇ ಗುಣಕ ಹಾಕಿದರೆ ಬರುವ ಅಂಕಿಗೆ ಅರ್ಥವೇ ಇಲ್ಲ. ಪರದೆ ಮೇಲೆ "0.11" ಅಂತ ಚೆಂದವಾಗಿ ಕಂಡರೂ ಅದು ಅಂದಾಜು. ನಿಮಿಷಕ್ಕೆ ಎಷ್ಟು ಎಣಿಕೆ, ಎಷ್ಟು ನಿಮಿಷ ಎಣಿಸಿದಿರಿ, ಇವೆರಡನ್ನು ಬರೆದಿಡಿ. ಅದು ಸುಳ್ಳು ಹೇಳುವುದಿಲ್ಲ.

ಫೋಟೊಡಯೋಡ್: ದುಡ್ಡು ಕಮ್ಮಿ, ತಾಳ್ಮೆ ಜಾಸ್ತಿ

ಬಿಪಿಡಬ್ಲ್ಯು34 ಅನ್ನುವ ಬೆಳಕಿನ ಸೆನ್ಸರ್ ನೂರು ರೂಪಾಯಿಯ ಆಸುಪಾಸು ಸಿಗುತ್ತದೆ. ಬೆಳಕು ಬೀಳದ ಹಾಗೆ ಮುಚ್ಚಿ ಹಿಮ್ಮುಖ ವೋಲ್ಟೇಜ್ ಕೊಟ್ಟರೆ ಇದೇ ಡಯೋಡ್ ಕಣಗಳನ್ನು ಹಿಡಿಯುತ್ತದೆ. ಜಿನೀವಾದ ಸರ್ನ್ ಸಂಸ್ಥೆ ಶಾಲೆಗಳಿಗಾಗಿ ಬಿಟ್ಟಿರುವ ಮುಕ್ತ ವಿನ್ಯಾಸದಲ್ಲಿ ಇಂಥ ನಾಲ್ಕು ಡಯೋಡ್ ಇದೆ. 9 ವೋಲ್ಟ್ ಬ್ಯಾಟರಿ, ಒಂದು ಒಳ್ಳೆಯ ಆಪ್-ಆಂಪ್ (ಸಂಕೇತ ದೊಡ್ಡದು ಮಾಡುವ ಐಸಿ), ಕೆಲವು ರೆಸಿಸ್ಟರ್, ಒಂದು ತಗಡಿನ ಡಬ್ಬಿ. ಸಂಕೇತವನ್ನು ಮೊಬೈಲ್ ಅಥವಾ ಲ್ಯಾಪ್‌ಟಾಪಿನ ಮೈಕ್ ತೂತಿಗೆ ಕೊಟ್ಟು ರೆಕಾರ್ಡ್ ಮಾಡಬಹುದು. ಒಟ್ಟು ಸಾವಿರ ರೂಪಾಯಿ ಒಳಗೆ ಆಗುತ್ತದೆ. ಹೈವೋಲ್ಟೇಜ್ ಇಲ್ಲ, ಆದ್ದರಿಂದ ಮಕ್ಕಳ ಕೈಗೂ ಕೊಡಬಹುದು.

ಕಷ್ಟ ಎಲ್ಲಿ? ಈ ಡಯೋಡಿನ ಕಣ್ಣು ಸುಮಾರು 7 ಚದರ ಮಿಲಿಮೀಟರ್. ಗೈಗರ್ ಟ್ಯೂಬಿನ ಮುಂದೆ ಏನೂ ಅಲ್ಲ. ಮನೆಯ ಸಾಮಾನ್ಯ ವಿಕಿರಣಕ್ಕೆ ನಿಮಿಷಕ್ಕೆ ಒಂದು ಎಣಿಕೆಯೂ ಸಿಗದೆ ಹೋಗಬಹುದು. ಇನ್ನು ಸಂಕೇತ ತೀರಾ ಸಣ್ಣದು. ಪಕ್ಕದಲ್ಲಿ ಫೋನ್ ಬಂದರೆ ಎಣಿಕೆ, ಅಡುಗೆಮನೆಯಲ್ಲಿ ಮಿಕ್ಸಿ ಹಾಕಿದರೆ ಎಣಿಕೆ, ಮೇಜು ತಟ್ಟಿದರೆ ಎಣಿಕೆ. ಡಬ್ಬಿಯ ಮುಚ್ಚಳದ ಸಂದಿಯಲ್ಲಿ ಕೂದಲೆಳೆಯಷ್ಟು ಬೆಳಕು ನುಗ್ಗಿದರೂ ಕೆಲಸ ಕೆಟ್ಟಿತು. ಅಲ್ಯೂಮಿನಿಯಂ ಫಾಯಿಲ್ ಸುತ್ತಿ, ಡಬ್ಬಿಯನ್ನು ಸರ್ಕ್ಯೂಟಿನ ಗ್ರೌಂಡಿಗೆ ಸೇರಿಸಿ, ಕತ್ತಲು ಕೋಣೆಯಲ್ಲೂ ಬಿಸಿಲಿನಲ್ಲೂ ಒಂದೇ ಎಣಿಕೆ ಬರುತ್ತದಾ ಅಂತ ಪರೀಕ್ಷಿಸಿ.

ಆದರೆ ಇದಕ್ಕೆ ಟ್ಯೂಬಿಗಿಲ್ಲದ ಒಂದು ಗುಣ ಇದೆ. ಕಣ ಎಷ್ಟು ಶಕ್ತಿ ಬಿಟ್ಟು ಹೋಯಿತೋ ಅಷ್ಟು ಎತ್ತರದ ಅಲೆ ಬರುತ್ತದೆ. ಬಿಪಿಎಕ್ಸ್61 ಅನ್ನುವ ಡಯೋಡಿನ ಗಾಜಿನ ಮುಚ್ಚಳ ಹುಷಾರಾಗಿ ತೆಗೆದರೆ ಆಲ್ಫಾ ಕಣಗಳನ್ನೂ ಬೇರ್ಪಡಿಸಿ ನೋಡಬಹುದು. ಎಲೆಕ್ಟ್ರಾನಿಕ್ಸ್ ವಿಭಾಗದ ಪ್ರಾಜೆಕ್ಟಿಗೆ ನನ್ನ ಮತ ಇದಕ್ಕೇ. ಕಿಟ್ ತಂದು ಆರ್ಡುಯಿನೊಗೆ ಮೂರು ವೈರ್ ಚುಚ್ಚಿದ ಗೈಗರ್ ಕೌಂಟರನ್ನು ಗೈಡ್ ಮುಂದಿಟ್ಟರೆ ಕೇಳಲು ಅವರಿಗೂ ಏನೂ ಇರುವುದಿಲ್ಲ, ಹೇಳಲು ನಿಮಗೂ ಏನೂ ಇರುವುದಿಲ್ಲ. ಗದ್ದಲದ ನಡುವೆ ಸಣ್ಣ ಸಂಕೇತ ಹಿಡಿದು ತೋರಿಸಿದರೆ ಅದು ನಿಜವಾದ ಕೆಲಸ.

ತಗಡಿನ ಡಬ್ಬಿ, ಡಾರ್ಲಿಂಗ್ಟನ್ ಟ್ರಾನ್ಸಿಸ್ಟರ್ ಇಟ್ಟು ಮಾಡುವ ಅಯಾನ್ ಚೇಂಬರ್ ಇನ್ನೂ ಅಗ್ಗ. ಅದರ ಬಗ್ಗೆ ಎರಡೇ ಮಾತು: ಮಳೆಗಾಲದ ತೇವಕ್ಕೆ ಸೋರಿಕೆ ಹೆಚ್ಚಾಗಿ ಮುಳ್ಳು ಅಲ್ಲಿಂದಿಲ್ಲಿಗೆ ಅಲೆಯುತ್ತದೆ, ಮನೆಯ ವಿಕಿರಣದ ಮಟ್ಟ ಅದಕ್ಕೆ ತಿಳಿಯುವುದೂ ಇಲ್ಲ. ಬಿಡಿ.

ಮಂಜಿನ ಪೆಟ್ಟಿಗೆ: ಅಳೆಯಲು ಅಲ್ಲ, ನೋಡಲು

ಮಂಜಿನ ಪೆಟ್ಟಿಗೆ, ಅಂದರೆ ಕ್ಲೌಡ್ ಚೇಂಬರ್, ಎಣಿಸುವುದಿಲ್ಲ, ತೋರಿಸುತ್ತದೆ. ಸಿ.ಟಿ.ಆರ್. ವಿಲ್ಸನ್‌ಗೆ 1927ರ ನೊಬೆಲ್ ತಂದುಕೊಟ್ಟಿದ್ದು ಇದೇ ವಿಧಾನ. ಮನೆಯಲ್ಲಿ ಕಟ್ಟುವುದು ಅದರ ಸರಳ ರೂಪ. ಗಾಜಿನ ಪೆಟ್ಟಿಗೆಯ ಮೇಲ್ಭಾಗದಲ್ಲಿ ಐಸೊಪ್ರೊಪೈಲ್ ಆಲ್ಕೊಹಾಲ್ ನೆನೆಸಿದ ಫೆಲ್ಟ್, ತಳದಲ್ಲಿ ತೀರಾ ತಣ್ಣನೆಯ ಕಪ್ಪು ತಟ್ಟೆ. ತಟ್ಟೆಯ ಮೇಲೆ ಆವಿ ಮಂಜಾಗಲು ಕಾಯುತ್ತಿರುತ್ತದೆ. ಕಣ ಹಾದುಹೋದ ದಾರಿಯಲ್ಲಿ ಬಿಳಿ ಗೆರೆ ಮೂಡುತ್ತದೆ. ಆಲ್ಫಾ ಆದರೆ ಗಿಡ್ಡ, ದಪ್ಪ ಗೆರೆ. ಎಲೆಕ್ಟ್ರಾನ್ ಆದರೆ ತೆಳು, ಅಂಕುಡೊಂಕು. ಆಕಾಶದಿಂದ ಬರುವ ಮ್ಯೂಯಾನ್ ಅನ್ನುವ ಕಣ ಆದರೆ ಉದ್ದಕ್ಕೆ ನೇರ. ಎಂಟನೇ ಕ್ಲಾಸಿನ ಮಕ್ಕಳ ಮುಂದೆ ಇದಕ್ಕಿಂತ ಒಳ್ಳೆಯದು ಬೇರೆ ಯಾವುದೂ ಇಲ್ಲ.

ತಂಪೇ ಇಲ್ಲಿ ತಲೆನೋವು. ತಟ್ಟೆ ಸೊನ್ನೆಗಿಂತ ಸುಮಾರು 25 ಡಿಗ್ರಿ ಕೆಳಗೆ ಇಳಿಯಲೇಬೇಕು. ಡ್ರೈ ಐಸ್ ಸೊನ್ನೆಗಿಂತ 78 ಡಿಗ್ರಿ ಕೆಳಗಿರುತ್ತದೆ, ಸಿಕ್ಕರೆ ಬೇರೆ ಮಾತೇ ಇಲ್ಲ. ಬೆಂಗಳೂರಿನಿಂದ ತರಿಸಿದರೆ ದಾರಿಯಲ್ಲೇ ಒಂದಷ್ಟು ಅನಿಲವಾಗಿ ಹೋಗುತ್ತದೆ. ಕಿಟಕಿ ಮುಚ್ಚಿದ ಕಾರಿನಲ್ಲಂತೂ ತರಲೇಬೇಡಿ, ಆ ಅನಿಲದಿಂದ ಉಸಿರು ಕಟ್ಟುತ್ತದೆ. ಇನ್ನೊಂದು ದಾರಿ ಪೆಲ್ಟಿಯರ್, ಕರೆಂಟ್ ಕೊಟ್ಟರೆ ಒಂದು ಬದಿ ತಣ್ಣಗೆ, ಇನ್ನೊಂದು ಬದಿ ಬಿಸಿ ಆಗುವ ಬಿಲ್ಲೆ. ಟಿಇಸಿ1-12706 ಎರಡನ್ನು ಒಂದರ ಮೇಲೊಂದು ಇಟ್ಟು, ಕೆಳಗಿನದಕ್ಕೆ 12 ವೋಲ್ಟ್, ಮೇಲಿನದಕ್ಕೆ 5 ವೋಲ್ಟ್, ಹಳೇ ಕಂಪ್ಯೂಟರಿನ ಎಸ್‌ಎಂಪಿಎಸ್‌ (ಪವರ್ ಸಪ್ಲೈ ಪೆಟ್ಟಿಗೆ) ನಿಂದ. ಬಿಸಿ ಬದಿಯನ್ನು ತಣ್ಣಗಿಡುವುದೇ ಇಡೀ ಆಟ. ಏಪ್ರಿಲ್ ತಿಂಗಳ ದಾವಣಗೆರೆಯಲ್ಲಿ ಬರೀ ಫ್ಯಾನ್ ಇಟ್ಟು ಇದನ್ನು ಮಾಡಲು ಹೋದರೆ ಮಂಜು ಬರುವುದು ಅನುಮಾನ. ಐಸ್ ಹಾಕಿದ ನೀರನ್ನು ಸಣ್ಣ ಪಂಪಿನಿಂದ ಹರಿಸಿ, ಇಲ್ಲ ಮೇಳವನ್ನೇ ಡಿಸೆಂಬರ್-ಜನವರಿಗೆ ಇಟ್ಟುಕೊಳ್ಳಿ. ಖರ್ಚು ₹2,000ದಿಂದ ₹4,000. ಆಲ್ಕೊಹಾಲ್ ಆವಿಗೆ ಬೆಂಕಿ ಬೇಗ ಹತ್ತುತ್ತದೆ. ಕಿಟಕಿ ತೆಗೆದಿಡಿ, ಹತ್ತಿರ ದೀಪ, ಊದುಬತ್ತಿ ಇರಬಾರದು. ಕರೆಂಟ್ ಹೋದರೆ ಮತ್ತೆ ತಣ್ಣಗಾಗಲು ಕಾಯಬೇಕು, ಅದನ್ನೂ ಲೆಕ್ಕದಲ್ಲಿಡಿ.

ಹರಳು: "ಯಾವುದು" ಅಂತ ಕೇಳುವವರಿಗೆ

ಸೀಸಿಯಂ ಅಯೋಡೈಡ್, ಸೋಡಿಯಂ ಅಯೋಡೈಡ್ ಹರಳುಗಳು ಗಾಮಾ ಬಿದ್ದಾಗ ಮಿನುಗುತ್ತವೆ. ಗಾಮಾದ ಶಕ್ತಿ ಜಾಸ್ತಿ ಇದ್ದಷ್ಟೂ ಮಿನುಗು ಜಾಸ್ತಿ. ಆ ಮಿನುಗುಗಳನ್ನು ಅಳೆದು ವಿಂಗಡಿಸಿದರೆ ಶಕ್ತಿಯ ನಕ್ಷೆ ಬರುತ್ತದೆ. 1461 ಕಿಲೊ ಎಲೆಕ್ಟ್ರಾನ್‌ವೋಲ್ಟ್ (ಕಿರಣದ ಶಕ್ತಿಯ ಅಳತೆ) ಹತ್ತಿರ ಗುಡ್ಡ ಎದ್ದರೆ ಪೊಟ್ಯಾಸಿಯಂ-40. 609ರಲ್ಲಿ ಎದ್ದರೆ ಯುರೇನಿಯಂ ಸಾಲಿನ ಬಿಸ್ಮತ್-214. 2614ರಲ್ಲಿ ಎದ್ದರೆ ಥೋರಿಯಂ ಸಾಲಿನದು. 662 ಆದರೆ ಸೀಸಿಯಂ-137, ಅದು ಕಲ್ಲಿನಲ್ಲಿ ಸಹಜವಾಗಿ ಇರುವುದಲ್ಲ.

ಹಳೆಯ ದಾರಿ ಸೋಡಿಯಂ ಅಯೋಡೈಡ್ ಮತ್ತು ಸಣ್ಣ ಮಿನುಗನ್ನು ದೊಡ್ಡ ಸಂಕೇತ ಮಾಡುವ ಫೋಟೊಮಲ್ಟಿಪ್ಲೈಯರ್ ಟ್ಯೂಬ್. ಅದಕ್ಕೆ ಸಾವಿರ ವೋಲ್ಟ್ ಹತ್ತಿರ ಬೇಕು. ಆ ಹರಳು ಗಾಳಿಯ ತೇವ ಕುಡಿದು ಕೆಡುತ್ತದೆ. ವೋಲ್ಟೇಜ್ ಇರುವಾಗ ಟ್ಯೂಬಿಗೆ ಬೆಳಕು ಬಿದ್ದರೆ ಟ್ಯೂಬ್ ಹೋಯಿತು. ಹೊಸ ದಾರಿ ಸೀಸಿಯಂ ಅಯೋಡೈಡ್ ಮತ್ತು ಸಿಲಿಕಾನ್ ಫೋಟೊಮಲ್ಟಿಪ್ಲೈಯರ್, 30 ವೋಲ್ಟ್ ಸುತ್ತಮುತ್ತ ಸಾಕು. ಖರ್ಚು ಎರಡಕ್ಕೂ ಹತ್ತು ಸಾವಿರ ದಾಟುತ್ತದೆ. ಜೇಬಿನಲ್ಲಿಡುವ ಸಿದ್ಧ ಸಾಧನ ಇನ್ನೂ ದುಬಾರಿ. ಬಿಸಿ ಏರಿದರೆ ನಕ್ಷೆಯ ಗುಡ್ಡಗಳು ಜಾಗ ಬದಲಿಸುತ್ತವೆ, ಅದನ್ನು ಸರಿಮಾಡುವುದು ಬೇರೆ ಕೆಲಸ. ಮೊದಲ ಡಿಟೆಕ್ಟರ್ ಇದಾಗಬಾರದು. ಆದರೆ ಟ್ಯೂಬ್ ಇಟ್ಟುಕೊಂಡು ಒಂದು ವರ್ಷ ಆಡಿದ ಮೇಲೂ "ಇದು ಯಾವುದರದ್ದು" ಅನ್ನುವ ಪ್ರಶ್ನೆ ಬಿಡದಿದ್ದರೆ, ಆಗ ದುಡ್ಡು ಕೂಡಿಸಿ.

ಪರೀಕ್ಷೆ ಹೇಗೆ, ಯಾವುದರಿಂದ

ವಿಕಿರಣ ಆಕರ ಬೇಕು ಅಂತ ಎಲ್ಲೆಲ್ಲೋ ಹುಡುಕಿ ಆರ್ಡರ್ ಮಾಡಬೇಡಿ. ನಮ್ಮಲ್ಲಿ ಇವು ಪರಮಾಣು ಶಕ್ತಿ ಕಾನೂನಿನ ಕೆಳಗೆ ಬರುತ್ತವೆ, ಎಇಆರ್‌ಬಿ (ಪರಮಾಣು ಶಕ್ತಿ ನಿಯಂತ್ರಣ ಮಂಡಳಿ) ಇದನ್ನು ನೋಡಿಕೊಳ್ಳುತ್ತದೆ. ಹೊಗೆ ಪತ್ತೆ ಯಂತ್ರ ಬಿಚ್ಚಿ ಅಮೆರಿಸಿಯಂ ತೆಗೆಯುವ ವಿಡಿಯೊಗಳನ್ನು ನೋಡಿ ಮರೆತುಬಿಡಿ.

ನಿಮಗೆ ಬೇಕಾದ್ದು ಗೊಬ್ಬರದ ಅಂಗಡಿಯಲ್ಲಿದೆ. ಮೆಕ್ಕೆಜೋಳ, ಅಡಿಕೆಗೆ ಹಾಕುವ ಕೆಂಪು ಪೊಟ್ಯಾಶ್, ಎಂಒಪಿ. ಅದರಲ್ಲಿ ಅರ್ಧದಷ್ಟು ಪೊಟ್ಯಾಸಿಯಂ. ಪ್ರತಿ ಗ್ರಾಂ ಪೊಟ್ಯಾಸಿಯಂನಲ್ಲಿ ಸೆಕೆಂಡಿಗೆ ಸುಮಾರು 31 ಪರಮಾಣು ಒಡೆಯುತ್ತವೆ. ಒಂದು ಕೆಜಿ ಪೊಟ್ಯಾಶ್‌ನಲ್ಲಿ ಸೆಕೆಂಡಿಗೆ ಹದಿನೈದು ಸಾವಿರ. ಬಹುಪಾಲು ಬೀಟಾ, ಹತ್ತರಲ್ಲಿ ಒಂದು ಪಾಲು ಗಾಮಾ. ಚಪ್ಪಟೆ ಪ್ಲಾಸ್ಟಿಕ್ ಕವರಿನಲ್ಲಿ ತುಂಬಿ ಟ್ಯೂಬಿಗೆ ಒತ್ತಿ ಇಡಿ. ಇಪ್ಪತ್ತು ನಿಮಿಷ ಅದರ ಜೊತೆ, ಇಪ್ಪತ್ತು ನಿಮಿಷ ಅದಿಲ್ಲದೆ. ಎಸ್‌ಬಿಎಂ-20 ಇದ್ದರೆ ವ್ಯತ್ಯಾಸ ಸ್ಪಷ್ಟ. ದೊಡ್ಡ ಮೂಟೆಯ ಪಕ್ಕ ಇಟ್ಟರೆ ತೂಕ ಏರಿದಷ್ಟೂ ಎಣಿಕೆ ಏರುತ್ತದೆ ಅಂದುಕೊಳ್ಳಬೇಡಿ. ಒಳಗಿನ ಬೀಟಾ ಹೊರಗೆ ಬರುವುದೇ ಇಲ್ಲ, ಬೀಟಾದಲ್ಲಿ ಮೇಲಿನ ಪದರದ್ದು ಮಾತ್ರ ಲೆಕ್ಕ.

ಎರಡನೇ ಪರೀಕ್ಷೆಗೆ ಮಳೆ ಸಾಕು. ಗಾಳಿಯಲ್ಲಿರುವ ರೇಡಾನ್ ಅನಿಲ ಒಡೆದು ಹುಟ್ಟಿದ ಸೀಸ-214, ಬಿಸ್ಮತ್-214 ಮಳೆಯ ಜೊತೆ ಇಳಿಯುತ್ತವೆ. ಮಳೆ ಶುರುವಾದ ಸ್ವಲ್ಪ ಹೊತ್ತಿಗೆ ಕಾರಿನ ಮೇಲಿನ ನೀರನ್ನು ಟಿಶ್ಯೂನಿಂದ ಒರೆಸಿ ಕೂಡಲೇ ಟ್ಯೂಬಿಗೆ ಸುತ್ತಿ. ಎಣಿಕೆ ಏರಬೇಕು, ಆಮೇಲೆ ಏರಿದ ಭಾಗ ಸುಮಾರು ಅರ್ಧ ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುವಂತೆ ಕಾಣಬೇಕು. ಇವೆರಡರ ಅರ್ಧಾಯುಷ್ಯ (ಅರ್ಧದಷ್ಟು ಪರಮಾಣು ಒಡೆಯಲು ಬೇಕಾದ ಹೊತ್ತು) 27 ಮತ್ತು 20 ನಿಮಿಷ. ಇಳಿಯದೆ ಹಾಗೇ ನಿಂತರೆ ಟ್ಯೂಬಿಗೆ ತೇವ ತಾಗಿರಬಹುದು, ಅದನ್ನು ನೋಡಿ. ತೆಳುವಾದ ಪ್ಲಾಸ್ಟಿಕ್ ಹಾಕಿ ಸುತ್ತುವುದು ಒಳ್ಳೆಯದು.

ವೆಲ್ಡಿಂಗ್ ಸಾಮಾನಿನ ಅಂಗಡಿಯ ಕೆಂಪು ತುದಿಯ ಟಿಗ್ ಕಡ್ಡಿಯಲ್ಲಿ ಶೇ. 2ರಷ್ಟು ಥೋರಿಯಂ ಆಕ್ಸೈಡ್ ಇರುತ್ತದೆ. ಮಂಜಿನ ಪೆಟ್ಟಿಗೆಗೆ ಅದರ ಒಂದು ತುಂಡು ಚೆನ್ನ. ಗ್ರೈಂಡ್ ಮಾಡಬೇಡಿ, ಅದರ ಪುಡಿ ಉಸಿರಿನೊಳಗೆ ಹೋಗಬಾರದು.

ದುರ್ಗದವರಿಗೆ ಇನ್ನೂ ಚೆಂದದ ಕೆಲಸ ಇದೆ. ಕೋಟೆಯ ಬಂಡೆಗಳು ಗ್ರಾನೈಟ್ ಜಾತಿಯವು. ಐಮಂಗಲದ ಹತ್ತಿರದ ಮರಡಿಹಳ್ಳಿಯಲ್ಲಿರುವುದು ದಿಂಬಿನ ಆಕಾರದ ಲಾವಾ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಗ್ರಾನೈಟಿನಲ್ಲಿ ಪೊಟ್ಯಾಸಿಯಂ, ಯುರೇನಿಯಂ, ಥೋರಿಯಂ ಸಾಮಾನ್ಯವಾಗಿ ಜಾಸ್ತಿ. ಇಂಥ ಲಾವಾದಲ್ಲಿ ಕಮ್ಮಿ. ಎರಡೂ ಕಡೆ ಬಂಡೆಯ ಮೇಲೆ ಟ್ಯೂಬ್ ಇಟ್ಟು ಒಂದೊಂದು ಗಂಟೆ ಎಣಿಸಿ. ಎಣಿಕೆಯ ಒಂದು ಭಾಗ ಆಕಾಶದಿಂದ ಬರುವುದು ನೆನಪಿರಲಿ. ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸುಮಾರು ಒಂದು ಮ್ಯೂಯಾನ್, ಅದು ಎರಡೂ ಕಡೆ ಒಂದೇ. ಆದ್ದರಿಂದ ವ್ಯತ್ಯಾಸ ನೀವು ಅಂದುಕೊಂಡಷ್ಟು ದೊಡ್ಡದಾಗಿ ಕಾಣುವುದಿಲ್ಲ. ಗಂಟೆಗಟ್ಟಲೆ ಎಣಿಸುವುದು ಅದಕ್ಕೇ. ಎರಡೂ ರಕ್ಷಿತ ಜಾಗ, ಕಲ್ಲು ಒಡೆಯುವ ಹಾಗಿಲ್ಲ.

ಹಾಗಾದರೆ ಯಾರಿಗೆ ಯಾವುದು

ಗ್ರಾನೈಟ್ ಬಗ್ಗೆ ಹೆದರಿದವರು ಟ್ಯೂಬ್ ಕಿಟ್ ತರಿಸಬಹುದು. ಅಡುಗೆಕಟ್ಟೆಯ ಮೇಲೆ ಒಮ್ಮೆ ಎಣಿಸಿ, ಕೆಲವು ಮಿಲಿಮೀಟರ್ ಅಲ್ಯೂಮಿನಿಯಂ ತಟ್ಟೆ ಅಡ್ಡ ಇಟ್ಟು ಮತ್ತೊಮ್ಮೆ ಎಣಿಸಿ. ಇಳಿದಷ್ಟು ಬಹುತೇಕ ಬೀಟಾ. ಉಳಿದದ್ದನ್ನು ಹೊರಗಿನ ಅಂಗಳದ ಎಣಿಕೆಯ ಜೊತೆ ಹೋಲಿಸಿ. ಸ್ವಲ್ಪ ಜಾಸ್ತಿ ಬಂದರೆ ಗಾಬರಿ ಬೇಡ. ಪ್ರಕೃತಿಯಿಂದಲೇ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಸಿಗುತ್ತದೆ, ಪ್ರಪಂಚದ ಲೆಕ್ಕ ಇದು. ಬರೀ ಇದೊಂದು ಅನುಮಾನಕ್ಕೆ ನಾಲ್ಕು ಸಾವಿರ ಖರ್ಚು ಮಾಡುವ ಬದಲು ಟ್ಯೂಬ್ ಇರುವ ಸ್ನೇಹಿತರನ್ನು ಒಂದು ಸಂಜೆ ಊಟಕ್ಕೆ ಕರೆಯಿರಿ ಅನ್ನುತ್ತೇನೆ.

ಬೋರ್‌ವೆಲ್ ನೀರಿನ ಯುರೇನಿಯಂ ನೋಡಬೇಕು ಅನ್ನುವವರು ಇಲ್ಲಿರುವ ಯಾವುದನ್ನೂ ಕಟ್ಟಬೇಡಿ. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 30 ಮೈಕ್ರೊಗ್ರಾಂ. ಅಷ್ಟು ಯುರೇನಿಯಂನಲ್ಲಿ ಸೆಕೆಂಡಿಗೆ ಒಂದು ಪರಮಾಣುವೂ ಪೂರ್ತಿ ಒಡೆಯುವುದಿಲ್ಲ. ಒಂದು ಕೆಜಿ ಪೊಟ್ಯಾಶ್‌ನ ಹದಿನೈದು ಸಾವಿರದ ಪಕ್ಕ ಇಟ್ಟು ನೋಡಿ. ನೀರನ್ನು ಪ್ರಯೋಗಾಲಯಕ್ಕೆ ಕೊಡಿ, ಅದು ರಾಸಾಯನಿಕ ಪರೀಕ್ಷೆಯ ಕೆಲಸ.

ಚಳ್ಳಕೆರೆ ಕಡೆಯವರಿಗೆ ಎಸ್‌ಬಿಎಂ-20, ಜೊತೆಗೆ ಎಣಿಕೆ ಬರೆದಿಡಲು ಇಎಸ್‌ಪಿ32 ಅನ್ನುವ ಪುಟ್ಟ ಬೋರ್ಡ್, ಮೆಮೊರಿ ಕಾರ್ಡ್. ಅದನ್ನು ಕೈಯಲ್ಲಿ ಹಿಡಿದು ಊರೆಲ್ಲ ತಿರುಗುವುದಕ್ಕಿಂತ ಒಂದೇ ಜಾಗದಲ್ಲಿ, ನೆರಳಿನಲ್ಲಿ, ನೆಲದಿಂದ ಒಂದು ಮೀಟರ್ ಎತ್ತರಕ್ಕೆ ಕಟ್ಟಿ ವರ್ಷಗಟ್ಟಲೆ ಎಣಿಸಲು ಬಿಡಿ. ಮಳೆ ಬಂದ ದಿನ ಏರುವುದು, ಬೇಸಿಗೆಯಲ್ಲಿ ಹೇಗಿರುತ್ತದೆ ಅನ್ನುವುದು ಗೊತ್ತಾದರೆ ಮುಂದೆ ಯಾರೋ ಒಂದು ಅಂಕಿ ಹೇಳಿ ಹೆದರಿಸಿದಾಗ ಹೋಲಿಸಲು ನಿಮ್ಮ ಹತ್ತಿರ ಒಂದು ಲೆಕ್ಕ ಇರುತ್ತದೆ. ಆ ಟ್ಯೂಬ್ ಗಾಮಾದ ಮಟ್ಟ ಮಾತ್ರ ಹೇಳುತ್ತದೆ. ಗಾಳಿ, ನೀರಿನಲ್ಲಿ ಏನಿದೆ ಅಂತ ಹೇಳುವುದಿಲ್ಲ.

ಮೇಷ್ಟ್ರಿಗೆ ಮಂಜಿನ ಪೆಟ್ಟಿಗೆ, ಚಳಿಗಾಲವಾದರೆ. ಬೇಸಿಗೆ ಮೇಳವಾದರೆ ಟ್ಯೂಬ್ ಕಿಟ್, ಸ್ಪೀಕರ್, ಒಂದು ಕವರ್ ಪೊಟ್ಯಾಶ್.

ಪ್ರಾಜೆಕ್ಟಿನ ಹುಡುಗರು ನಾಲ್ಕು ಜನ ಇದ್ದರೆ ತಲಾ ಸಾವಿರದ ಇನ್ನೂರು ಹಾಕಿ ಟ್ಯೂಬ್ ಮತ್ತು ಡಯೋಡ್ ಎರಡನ್ನೂ ಕಟ್ಟಿ. ಒಂದೇ ಪೊಟ್ಯಾಶ್ ಕವರಿನ ಮುಂದೆ ಎರಡನ್ನೂ ಇಟ್ಟು, ಶೇ. 5ರ ನಿಖರತೆಗೆ ಯಾವುದಕ್ಕೆ ಎಷ್ಟು ಗಂಟೆ ಬೇಕಾಯಿತು ಅಂತ ವರದಿಯಲ್ಲಿ ಬರೆಯಿರಿ. ಟ್ಯೂಬ್ ಬರಲು ಕೆಲವೊಮ್ಮೆ ಒಂದು ತಿಂಗಳೇ ಹಿಡಿಯುತ್ತದೆ. ಆರ್ಡರ್ ಮೊದಲು ಹಾಕಿ, ಅದು ಬರುವಷ್ಟರಲ್ಲಿ ಡಯೋಡ್ ಸರ್ಕ್ಯೂಟಿನ ಗದ್ದಲ ಅಡಗಿಸಿ.